ಮುಯ್ಯಾಳಿನ ಕಲ್ಲುಕಟ್ಟೆ

ಅವತ್ತು ಮಾಡಿದ ಕೆಲಸ ಇಷ್ಟು. ಬೆಳಗ್ಗೆ ಮಳೆಮಾಪಕದೊಳಗೆ ಬಿದ್ದಿದ್ದ ಎಲೆ ತೆಗೆದು ಒರೆಸಿಟ್ಟೆ, ನೀರಿರಲಿಲ್ಲ. ಒಲೆ ಹಚ್ಚಿದೆ, ರಾತ್ರಿಯ ಪಾತ್ರೆ ಬೆಳಗಿದೆ. ಕೊರಕಲು ಹತ್ತಿ ಹೋಗಿ, ಕಲ್ಲುಕಟ್ಟೆಗಳ ಹಿಂದೆ ನೆಟ್ಟಿದ್ದ ಅಳತೆಕೋಲುಗಳಲ್ಲಿ ಮಣ್ಣು ಎಲ್ಲಿಯವರೆಗೆ ನಿಂತಿದೆ ಎಂದು ನೋಡಿಕೊಂಡೆ. ಇಳಿಯುವಾಗ ಹೊಂಗೆ ಸಸಿಗಳ ಸುತ್ತ ಮೇಕೆ ನುಗ್ಗದಂತೆ ಮುಳ್ಳು ಸರಿಮಾಡಿದೆ. ಹಿಮ್ಮಡಿಗೆ ಹೊಕ್ಕ ಜಾಲಿಮುಳ್ಳನ್ನು ಪಿನ್ನಿನಿಂದ ತೆಗೆದೆ. ಆಮೇಲೆ ದುಪಟ್ಟಾ ಸೊಂಟಕ್ಕೆ ಬಿಗಿದು, ಇನ್ನೊಬ್ಬರ ರಾಗಿ ಹೊಲದಲ್ಲಿ ಕಳೆ ಕೀಳಲು ಹೋದೆ.

ಕೊನೆಯದು ನನ್ನ ನೌಕರಿಗೆ ಸೇರಿದ್ದಲ್ಲ. ಆ ನೌಕರಿಯೇ ನನ್ನ ಮೊದಲನೆಯದು. ಜಲಾನಯನ ಯೋಜನೆಯೊಂದರಲ್ಲಿ ಮಳೆ, ಮಣ್ಣು, ಸಸಿಗಳ ಲೆಕ್ಕ ಇಡಬೇಕಿತ್ತು. ಬೋಳಾದ ಕಾಡಿನ ಇಳಿಜಾರಲ್ಲಿ ನೀರು ನಿಧಾನವಾಗಿ ಇಳಿಯುವಂತೆ ಅಡ್ಡಡ್ಡ ಕಲ್ಲುಕಟ್ಟೆ ಹಾಕಿಸಬೇಕಿತ್ತು. ಕಬ್ಬಾಳು ಬೆಟ್ಟ ಕಾಣುವ ಒಂದು ಸಣ್ಣ ಊರಲ್ಲಿ ನನ್ನನ್ನು ಬಿಟ್ಟಿದ್ದರು. ನಾನು ಉಳಿದುಕೊಂಡ ಮನೆಯಾಕೆಯನ್ನು ಅಕ್ಕ ಎನ್ನುತ್ತಿದ್ದೆ. ಗಂಡ ತೀರಿಕೊಂಡಿದ್ದ, ಮಗಳನ್ನು ಮರಳವಾಡಿ ಕಡೆಗೆ ಕೊಟ್ಟಾಗಿತ್ತು. ಇದ್ದದ್ದು ಕೊರಕಲಿನ ಬಾಯಲ್ಲೇ ಒಂದು ಪಟ್ಟಿ ಹೊಲ. ಹಿಂದಿನ ಮಳೆಗಾಲದಲ್ಲಿ ಕಾಡಿನಿಂದ ಇಳಿದ ನೀರು ಗರಸು ಮಣ್ಣು ತಂದು ಅದರ ಅರ್ಧದ ಮೇಲೆ ಸುರಿದು ಹೋಗಿತ್ತು. ಬೇಸಿಗೆಯಿಡೀ ಅಕ್ಕ ಅದನ್ನು ಮಂಕರಿಯಲ್ಲಿ ಹೊತ್ತು ಹಾಕಿದ್ದಳು.

"ಈ ವರ್ಸಾನೂ ಮುಚ್ಕೊಂಡ್ರೆ ಇನ್ ಬಿತ್ತಕಿಲ್ಲ ಕನವ್ವ," ಎಂದಿದ್ದಳು ನನ್ನ ಹತ್ತಿರ. "ಹಾರೋಳ್ಳಿ ವ್ಯಾನು ಹತ್ಬುಟ್ಟು ಫ್ಯಾಕ್ಟ್ರಿ ಕಸ ಗುಡ್ಸಕ್ಕೆ ಹೋಯ್ತೀನಿ. ನಂಗೆ ಹೋಗಕ್ಕೆ ಇಷ್ಟ ಇಲ್ಲ. ಆದ್ರೂವೆ ಹೋಯ್ತೀನಿ."

ಕಟ್ಟೆಗಳು ಮಳೆಗೆ ಮುಂಚೆ ಆಗಬೇಕಿತ್ತು. ಕೂಲಿಗೆ ಮಂಜೂರಾತಿ ಮಳೆಗಾಲ ಕಳೆದ ಮೇಲೆ ಬರುತ್ತದೆ, ಅಲ್ಲಿಯವರೆಗೆ ಅಳತೆ ಮಾತ್ರ ಮಾಡುತ್ತಿರು ಎಂದು ಆಫೀಸಿನವರು ಹೇಳಿದರು. ಅಕ್ಕ ಅದನ್ನು ಕೇಳಿಸಿಕೊಂಡು, ಸೀರೆ ಕೊಡವಿ ಎದ್ದು, ಮನೆಮನೆಗೂ ಹೋಗಿ ಹೆಂಗಸರನ್ನು ಮುಯ್ಯಾಳಿಗೆ ಕರೆದಳು. ಇವತ್ತು ನೀವು ನಮ್ಮ ಕೆಲಸಕ್ಕೆ ಬನ್ನಿ, ನಾಳೆ ನಾವು ನಿಮ್ಮ ಹೊಲಕ್ಕೆ ಬರುತ್ತೇವೆ ಎಂಬ ಕರಾರು ಅದು. ಎಲ್ಲರೂ ಕಲ್ಲುಗುಡ್ಡೆಯ ಹತ್ತಿರ ಬಂದು ನಿಂತರು. ಒಬ್ಬಳು ನನ್ನನ್ನು ನೋಡಿ ಕೇಳಿದಳು: "ಕಟ್ಟೆ ಅವಳ್ದೋ, ನಿಂದೋ?"

ಊರಿನವರ ಜೊತೆ ಸೇರಿಕೊಂಡು ಮಾಡಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. "ಇಬ್ಬರದೂ," ಎಂದುಬಿಟ್ಟೆ.

"ಹಂಗಾರೆ ಮುಯ್ಯೂ ಇಬ್ರುದೂವೆ."

ಮಾತಿಗೆ ಹೇಳಿದರು ಅಂದುಕೊಂಡೆ. ಕಲ್ಲು ಕೈಯಿಂದ ಕೈಗೆ ದಾಟುತ್ತಾ ಹೋಯಿತು. ಕೆಳಗಿನ ಕಟ್ಟೆಗಳು ಗಟ್ಟಿಯಾಗಿ ಕೂತವು. ಮೇಲಿನದಕ್ಕೆ ಬರುವ ಹೊತ್ತಿಗೆ ಊರಲ್ಲಿ ಬಿತ್ತನೆ ಶುರುವಾಗಿತ್ತು. ಅವಸರಕ್ಕೆ ಕಲ್ಲು ಒಟ್ಟಿ ಬಂದೆವು.

ಶ್ರಾವಣ ಬಂತು, ರಾಗಿಯಲ್ಲಿ ಕಳೆ ಎದ್ದಿತು. ಒಂದು ಬೆಳಗ್ಗೆ ಬಾಗಿಲಲ್ಲಿ ಕೂಗಿದರು: "ಮೇಡಮ್ಮೋ, ಕಳೆಗೆ ಬಾರವ್ವ. ಇವತ್ತು ನಮ್ದು." ನನ್ನ ಬದಲು ಆಳಿಗೆ ಕೂಲಿ ಕೊಡಲೇ ಎಂದು ಕೇಳಿದೆ. ಅಕ್ಕನಿಗೆ ನಾಚಿಕೆಯಾಯಿತು. "ಕಾಸ್ ಕೊಟ್ರೆ ಕೂಲಿ ಆಯ್ತದೆ, ಮುಯ್ಯಿ ತೀರಕಿಲ್ಲ. ಅವ್ರು ಬಂದು ಮೈ ಬಗ್ಸವ್ರೆ, ನೀನೂ ಹೋಗಿ ಮೈ ಬಗ್ಸು," ಎಂದಳು.

ಹೋದೆ. ಎಷ್ಟು ಮನೆಯವರು ಬಂದಿದ್ದರೋ ಅಷ್ಟೂ ಮನೆಗೆ ಅಕ್ಕನ ಜೊತೆ ಹೋದೆ. ನನ್ನ ಸಾಲು ಯಾವಾಗಲೂ ಎಲ್ಲರಿಗಿಂತ ಹಿಂದೆ. "ಮೇಡಮ್ಮು ನಡು ಹಿಡ್ಕಂಡ್ ನಿಂತವ್ಳೆ, ಒಸಿ ಎಣ್ಣೆ ತಗಬನ್ರೇ," ಎಂದು ಒಬ್ಬಳು ಕೂಗುವುದು, "ಎಣ್ಣೆ ಯಾಕೆ, ಗಂಡ್ ಹುಡುಕ್ರೇ, ಅವ್ನೇ ತಿಕ್ಕಾನು," ಎಂದು ಇನ್ನೊಬ್ಬಳು ನಗುವುದು. ನನಗೆ ತಿರುಗಿ ನಗುವಷ್ಟು ಉಸಿರಿರುತ್ತಿರಲಿಲ್ಲ. ಆಮೇಲೆ ಮಾಗಡಿ, ಚನ್ನಪಟ್ಟಣದ ಕಡೆಯ ಕೊರಕಲುಗಳನ್ನೂ ಬಹಳ ಹತ್ತಿ ಇಳಿದಿದ್ದೇನೆ. ಆದರೆ ದಣಿವು ಎಂದರೆ ನನಗೆ ಈಗಲೂ ಆ ಶ್ರಾವಣದ ಸೊಂಟವೇ.

ಮೊದಲು ಹೇಳಿದೆನಲ್ಲ, ಅವತ್ತಿನದು ಕೊನೆಯ ಮುಯ್ಯಿ, ಒಬ್ಬ ಅಜ್ಜಿಯದು. ಕಟ್ಟೆ ಹಾಕುವಾಗ ಆಕೆ ಒಂದು ಕಲ್ಲನ್ನೂ ಮುಟ್ಟಿರಲಿಲ್ಲ. ನೆರಳಲ್ಲಿ ಕೂತು ಎಲ್ಲರಿಗೂ ಎಲೆ ಅಡಿಕೆ ಹಂಚಿದ್ದಳು. ನಾನು ಅದನ್ನು ಮೆಲ್ಲಗೆ ಅಂದದ್ದು ಆಕೆಯ ಕಿವಿಗೆ ಬಿತ್ತು.

"ಎಲೆ ಅಡಿಕೆ ಇಲ್ದಿದ್ರೆ ನಿನ್ ಕಲ್ನ ಯಾವಳು ಎತ್ತಾಳೇ? ಕೀಳು, ಕೀಳು. ಬೇರ್ ಸಮೇತ ಬರ್ಬೇಕು."

ಅಜ್ಜಿಯ ಮನೆಯ ಊಟ ಮುಗಿಸಿ ಮತ್ತೆ ಸಾಲು ಹಿಡಿದಿದ್ದೆವಷ್ಟೆ. ಬೆಟ್ಟದ ಕಡೆಯಿಂದ ಮಳೆ ಬಂದೇ ಬಿಟ್ಟಿತು. ಗೋಣಿಚೀಲ ತಲೆಗೆ ಹಾಕಿಕೊಂಡು ಬದುವಿನ ಮೇಲಿದ್ದ ಹುಣಸೆಮರದ ಕೆಳಗೆ ಕುಕ್ಕರುಗಾಲಲ್ಲಿ ಕೂತೆವು. ಎಲ್ಲರೂ ಅಕ್ಕನ ಮುಖ ನೋಡುವುದು, ನೋಡಿಲ್ಲ ಎಂಬಂತೆ ತಿರುಗುವುದು. ಅಕ್ಕ ಎದ್ದಳು, ಕೂತಳು. ಮುಯ್ಯಿಗೆ ಬಂದವರು ನಡುವೆ ಬಿಟ್ಟು ಹೋಗುವ ಹಾಗಿಲ್ಲ.

ಅಜ್ಜಿಯೇ ಗದರಿದಳು. "ಇಲ್ ಕೂತ್ಕಂಡ್ ಏನ್ ನೋಡೀಯೇ? ನನ್ ಕಳೆ ನಾಳಿಕ್ಕೂ ಇರ್ತದೆ. ಹೋಗು, ನಿನ್ ಹೊಲ ನೋಡೋಗು. ಕಟ್ಟೆ ಹಾಕ್ದೋಳ್ನೂ ಕರ್ಕೊಂಡೋಗು."

ಅಜ್ಜಿಯ ಹೊಲ ಕೊರಕಲಿನ ತಲೆಯ ಕಡೆಗಿತ್ತು. ಜಾರುತ್ತಾ ಇಳಿದೆವು. ಕೊರಕಲಿನ ಸದ್ದು ದೂರದಿಂದಲೇ ಕೇಳುತ್ತಿತ್ತು. ಮೊದಲು ಮೇಲಿನ ಕಟ್ಟೆ ಸಿಕ್ಕಿತು. ಅವಸರಕ್ಕೆ ಒಟ್ಟಿದ್ದು, ನಡುಮಧ್ಯೆ ಒಡೆದು ಕಲ್ಲುಗಳು ಕೆಳಗೆ ಉರುಳಿದ್ದವು. ಅಕ್ಕ ನಿಲ್ಲದೆ ಮುಂದೆ ಹೋದಳು. ಅದರ ಕೆಳಗಿನದು ನಿಂತಿತ್ತು. ಹಿಂದೆ ಕೆಸರು ತುಂಬಿ, ನೀರು ಕಟ್ಟೆಯ ನೆತ್ತಿಯ ಮೇಲಿಂದ ಅಗಲವಾಗಿ, ನಿಧಾನವಾಗಿ ದಾಟುತ್ತಿತ್ತು. ನನ್ನ ಅಳತೆಕೋಲು ಪೂರ್ತಿ ಮುಳುಗಿತ್ತು. ಅದರ ಕೆಳಗಿನದೂ ನಿಂತಿತ್ತು.

ಹೊಲದ ಮೇಲ್ಮೂಲೆಗೆ ಗರಸು ನಾಲಿಗೆ ಚಾಚಿತ್ತು. ಅಷ್ಟು ಜಾಗದ ಪೈರು ಕಾಣಲಿಲ್ಲ. ಮಿಕ್ಕ ರಾಗಿ ನೀರಿಗೆ ಬಾಗಿ, ಗರಿಗಳಿಗೆ ಕೆಸರು ಮೆತ್ತಿಕೊಂಡು ನಿಂತಿತ್ತು. ಅಕ್ಕ ಬದುವಿನ ಉದ್ದಕ್ಕೂ ನಡೆದಳು. ಒಂದು ಕಡೆ ಬಗ್ಗಿ ಪೈರನ್ನು ಎಳೆದು ನೋಡಿದಳು, ಬೇರು ಹಿಡಿದಿತ್ತು.

"ಮೂಲೆ ಹೋಯ್ತು," ಎಂದಳು. ಇನ್ನೊಂದು ಪೈರನ್ನೂ ಎಳೆದು ನೋಡಿ, "ಮಿಕ್ಕಿದ್ದು ಐತೆ," ಎಂದಳು.

ಮೇಲಿನ ಕಟ್ಟೆ ಹಾಗೇ ಬಿಟ್ಟರೆ ಮುಂದಿನ ಮಳೆಗೆ ಕೆಳಗಿನವು ತಡೆಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅಕ್ಕ ಗರಸಿನ ಮೇಲೆ ಕೂತು ಕಾಲಿನ ಕೆಸರು ಒರೆಸಿಕೊಂಡಳು.

"ನಾಳೀಕೆ ಅಜ್ಜಿದು ಮಿಕ್ಕಿದ್ ಕಳೆ. ನಾಳಿದ್ದು ಮ್ಯಾಲ್ಗಡೆ ಕಟ್ಟೆಗೆ ಹೆಂಗಸ್ರುನ್ನ ಕರೀಬೇಕು. ನಾನೊಬ್ಳೇ ಅಂತ ಕರೀಲೋ, ಇಬ್ರೂ ಅಂತ ಕರೀಲೋ?"

ಹುರುಳಿ ಬಿತ್ತನೆ, ರಾಗಿ ಕಟಾವು, ಒಕ್ಕಣೆ ಎಲ್ಲ ಕಣ್ಣ ಮುಂದೆ ಸಾಲಾಗಿ ಬಂದವು. ಸೊಂಟ ಹಿಡಿದುಕೊಂಡೇ ಹೇಳಿದೆ, "ಇಬ್ಬರೂ ಅಂತ ಕರೆ, ಅಕ್ಕ."

"ಹಂಗಾರೆ ಎಲೆ ಅಡಿಕೆ ನೀನ್ ತಾ," ಎಂದಳು.

ಒದ್ದೆ ಸೌದೆ ಹತ್ತಿಕೊಳ್ಳಲು ಸತಾಯಿಸಿತು. ಹೊಗೆಯಲ್ಲೇ ಮುದ್ದೆ ತಿರುವಿದಳು. ಹುರುಳಿಕಾಳಿನ ಸಾರು, ಸುಟ್ಟ ಒಣಮೆಣಸಿನಕಾಯಿ, ಒಂದು ಈರುಳ್ಳಿ ಇಬ್ಬರಿಗೂ ಪಾಲು. ನಾನು ತಟ್ಟೆ ತೊಳೆದು ಒಳಗೆ ಬರುವಷ್ಟರಲ್ಲಿ ಅಕ್ಕ ಚಾಪೆಯನ್ನೂ ಬಿಡಿಸದೆ, ಗೋಡೆಗೆ ಒರಗಿದ ಹಾಗೇ ನಿದ್ದೆ ಹೋಗಿದ್ದಳು.