ಎಲೆಯ ಎಡತುದಿ

ಜಯನಗರದ ನಮ್ಮ ಮನೆಯಲ್ಲಿ ಸ್ಟೀಲ್ ತಟ್ಟೆಗೂ ಬಾಳೆ ಎಲೆಯ ಕ್ರಮದಲ್ಲೇ ಬಡಿಸುವುದು. ಎಡತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ಪಲ್ಯ, ಮಧ್ಯದಲ್ಲಿ ಅನ್ನ. ಅತ್ತೆ ಕಲಿಸಿದ್ದು, ಮೂವತ್ತು ವರ್ಷದಿಂದ ನನ್ನ ಕೈ ತಾನಾಗಿಯೇ ಹಾಗೆ ಹೋಗುತ್ತದೆ. ಸಂಕ್ರಾಂತಿ ಕಳೆದ ಮೇಲೆ ಸ್ಟ್ರೋಕ್ ಆಗಿ, ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ದಿನವೇ ನನ್ನ ಗಂಡ ಉಪ್ಪಿನಕಾಯಿ ಹಾಕಿಲ್ಲ ಎಂದು ಗೊಣಗಿದಾಗ ನನಗೆ ಮೈಯೆಲ್ಲ ಉರಿಯಿತು. ಉಪ್ಪಿನಕಾಯಿ ಅಲ್ಲೇ ಇತ್ತು. ಅನ್ನವನ್ನೂ ಬಲಗಡೆಯ ಅರ್ಧ ಮಾತ್ರ ತಿಂದು, ಊಟ ಮುಗಿಯಿತೆಂದು ಏಳಲು ಹೊರಟಿದ್ದರು.

ಕಣ್ಣು ಚೆನ್ನಾಗಿಯೇ ಇದೆ ಎಂದರು ಡಾಕ್ಟರು. ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿ, ಎಡಗಡೆಯೂ ಒಂದು ಜಗತ್ತಿದೆ ಎಂಬುದನ್ನೇ ಅದು ಮರೆತಿತ್ತಂತೆ. ಬೆಳಿಗ್ಗೆ ಪೇಪರಿನಲ್ಲಿ ಪ್ರತಿ ಸಾಲಿನ ಬಲ ಅರ್ಧವನ್ನಷ್ಟೇ ಓದಿ, ಈ ಪೇಪರಿನವರಿಗೆ ನೆಟ್ಟಗೆ ಕನ್ನಡ ಬರೆಯಲು ಬರುವುದಿಲ್ಲ ಎಂದು ಬೈಯುತ್ತಿದ್ದರು. ಅದಕ್ಕೆ ನಗಬಹುದಿತ್ತು. ಆದರೆ ನಾನು ಎಡಗಡೆ ಕುರ್ಚಿಯಲ್ಲಿ ಕೂತು ಕರೆದರೆ ಬಲಗಡೆ ಹುಡುಕುತ್ತಿದ್ದರು. ಮದುವೆಯಾದಾಗಿನಿಂದ ಊಟಕ್ಕೆ ನನ್ನ ಜಾಗ ಅವರ ಎಡಗಡೆಯೇ. ಇನ್ನು ಮುಂದೆ ನಾನು ಇವರಿಗೆ ಕಾಣಿಸುವುದೇ ಇಲ್ಲವೇನೋ ಎಂಬ ಭಯ ಶುರುವಾಯಿತು.

ದಿನಾ ಅರ್ಧ ತಟ್ಟೆ ಬಿಟ್ಟು ಏಳುವುದನ್ನು ನೋಡಲಾಗದೆ ಒಂದು ಉಪಾಯ ಮಾಡಿದೆ. ಎಲ್ಲವನ್ನೂ ಬಲಗಡೆಗೇ ಒತ್ತಿ ಬಡಿಸಿದೆ, ನನ್ನ ಕುರ್ಚಿಯನ್ನೂ ಬಲಗಡೆಗೆ ಎಳೆದುಕೊಂಡೆ. ಅತ್ತೆ ಇದ್ದಿದ್ದರೆ ತಟ್ಟೆ ಕಿತ್ತುಕೊಳ್ಳುತ್ತಿದ್ದರು. ಇವರು ಮಾತ್ರ ಹೊಟ್ಟೆ ತುಂಬ ಉಂಡರು, ನನ್ನ ಮುಖ ನೋಡಿ ಮಾತಾಡಿದರು. ನಾನು ಬಹಳ ಜಾಣೆ ಎಂದು ಬೀಗಿದೆ.

ಗಿರಿನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಥೆರಪಿಸ್ಟ್ ಹುಡುಗಿ ಸಾಮಾನ್ಯವಾಗಿ ಬೆಳಿಗ್ಗೆಯೇ ವ್ಯಾಯಾಮ ಮಾಡಿಸಿ ಹೋಗುತ್ತಿದ್ದಳು. ಒಂದು ದಿನ ತಡವಾಗಿ ಊಟದ ಹೊತ್ತಿಗೆ ಬಂದವಳು ಆ ತಟ್ಟೆ ನೋಡಿದಳು.

"ಆಂಟಿ, ಅಂಕಲ್‌ಗೆ ಎಡಗಡೆ ನೋಡೋ ಅವಶ್ಯಕತೆನೇ ಇಲ್ದಂಗೆ ಮಾಡ್ಬಿಟ್ಟಿದ್ದೀರ. ಹುಡುಕ್ಲಿಲ್ಲ ಅಂದ್ರೆ ಬ್ರೈನ್ ಕಲಿಯೋದು ಹೇಗೆ?"

ಮೂರು ತಿಂಗಳ ನನ್ನ ಮುದ್ದು ಒಂದೇ ಮಾತಿಗೆ ತಪ್ಪಾಯಿತು. ಸ್ವಲ್ಪ ವಾದವನ್ನೂ ಮಾಡಿದೆ. ಅವಳು ಬೇಸರಿಸದೆ ವಿವರಿಸಿದಳು: ಸತ್ತ ಭಾಗ ಮತ್ತೆ ಬರುವುದಿಲ್ಲ, ಆದರೆ ದಿನಾ ಮಾಡಿಸಿದರೆ ಉಳಿದ ಭಾಗಗಳು ಅದರ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಕಲಿಯುತ್ತವೆ. ನಮ್ಮ ಕ್ರಾಸ್ ಅಗೆದು ಹಾಕಿದ್ದಾಗ ಆಟೋದವರು ಹಿಂದಿನ ರಸ್ತೆ ಸುತ್ತಿ ಮನೆ ಬಾಗಿಲಿಗೆ ಬರುವುದನ್ನು ರೂಢಿ ಮಾಡಿಕೊಂಡಿದ್ದರಲ್ಲ, ಹಾಗೇ ಇರಬೇಕು ಎಂದುಕೊಂಡೆ.

ತಟ್ಟೆಯ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿ, ಊಟಕ್ಕೆ ಮೊದಲು ಅದನ್ನು ಹುಡುಕಿಸಿ ಎಂದಳು. ಟೇಪ್ ತೊಳೆದಾಗಲೆಲ್ಲ ಕಿತ್ತು ಬರುತ್ತಿತ್ತು. ಕೊನೆಗೆ ನಾಲ್ಕನೇ ಬ್ಲಾಕಿಗೆ ಹೋಗಿ ಒಂದು ಡಜನ್ ಕೆಂಪು ಗಾಜಿನ ಬಳೆ ತೊಟ್ಟು ಬಂದೆ. ಕುರ್ಚಿಯನ್ನು ಮತ್ತೆ ಎಡಕ್ಕೆ ಹಾಕಿಕೊಂಡು, ತಟ್ಟೆಯ ಅಂಚಿನಲ್ಲಿ ಕೈಯಿಟ್ಟು, ಬಳೆ ಕಾಣುವವರೆಗೆ ತುತ್ತು ಎತ್ತುವಂತಿಲ್ಲ ಎಂದೆ. ಅನ್ನ ಆರುತ್ತಿತ್ತು. ಅವರು ರೇಗುತ್ತಿದ್ದರು, ನಾನೂ ರೇಗುತ್ತಿದ್ದೆ. ಬಳೆ ಅಲ್ಲಾಡಿಸಿದರೆ ಕತ್ತು ಒಂಚೂರು ತಿರುಗುತ್ತಿತ್ತು. ಬರಬರುತ್ತ ಅಲ್ಲಾಡಿಸದಿದ್ದರೂ ಕೆಲವು ದಿನ ತಿರುಗುತ್ತಿತ್ತು, ಕೆಲವು ದಿನ ಇಲ್ಲ.

ಗೌರಿ ಹಬ್ಬಕ್ಕೆ ಎಲೆ ಹಾಕಿದೆ, ಕುಡಿ ಎಡಕ್ಕೇ. ಬೆಳಿಗ್ಗೆಯಿಂದ ಒಬ್ಬಳೇ ಓಡಾಡಿ, ಅವಸರದಲ್ಲಿ ಬಡಿಸಿ, ಉಸ್ಸೆಂದು ಅವರ ಎಡಗಡೆ ಕೂತು ತುದಿಯಲ್ಲಿ ಕೈಯಿಟ್ಟೆ. ಅವರು ಎಲೆ ನೋಡಿ ಉಪ್ಪು ಹಾಕಿಲ್ಲ ಎಂದರು.

ಏಳು ತಿಂಗಳಾದರೂ ಅದೇ ಮಾತು. ಸರಿಯಾಗಿ ಎಡಕ್ಕೆ ನೋಡಿ ಎಂದು ಸಿಡುಕಿದೆ.

"ನೋಡ್ದೆ ಕಣೇ. ನಿನ್ ಕೈ ಇದೆ. ಉಪ್ಪಿಲ್ಲ."

ಬಗ್ಗಿ ನೋಡಿದೆ. ಉಪ್ಪಿನಕಾಯಿ ಇತ್ತು, ಕೋಸಂಬರಿ ಇತ್ತು, ನನ್ನ ಕೆಂಪು ಬಳೆಗಳಿದ್ದವು. ಉಪ್ಪು ನಿಜವಾಗಿಯೂ ಇರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಮರೆತಿದ್ದೆ. ತಪ್ಪಾಯಿತು ಎನ್ನುವಷ್ಟರಲ್ಲಿ ಅಳು ಬಂತು. ಅವರು ಎಡಕ್ಕೆ ತಿರುಗಿ, ಅಳುತ್ತಿದ್ದ ನನ್ನ ಮುಖವನ್ನೇ ನೋಡುತ್ತಿದ್ದರು.