ನಮ್ಮ ಮನೆಯವರು ಮುಳುಗಿದ ಸಮುದ್ರಗಳು

ನಮ್ಮ ಯಜಮಾನರು ಜಗತ್ತಿನ ಎಲ್ಲ ಸಮುದ್ರಗಳಲ್ಲೂ ಮುಳುಗಿ ಎದ್ದವರು. ಕೆಂಪು ಸಮುದ್ರದ ಹವಳದ ಬಂಡೆಗಳಲ್ಲಿ ಯಾವ ಮೀನು ಯಾವ ಸಂದಿಯಲ್ಲಿ ಅಡಗಿರುತ್ತದೆ, ಆಸ್ಟ್ರೇಲಿಯಾದಲ್ಲಿ ಯಾವ ತಿಂಗಳು ನೀರಿಗಿಳಿಯಬೇಕು, ಬಹಾಮಾ ದ್ವೀಪಗಳ ನೀರು ಎಷ್ಟು ತಿಳಿ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು. ಇದಿಷ್ಟನ್ನೂ ಅವರು ಸಾಧಿಸಿದ್ದು ಮೈಸೂರಿನ ನಜರ್‌ಬಾದಿನ ನಮ್ಮ ಬಾಡಿಗೆ ಮನೆಯ ಜಗಲಿಯ ಮೇಲೆ ಕೂತು, ಹಳೆಯ ಇಂಗ್ಲಿಷ್ ಸಚಿತ್ರ ಪತ್ರಿಕೆಗಳನ್ನು ಓದಿ. ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟರು. ಸಮುದ್ರ ಹಾಗಿರಲಿ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೂ ಅವರು ಕಾಲಿಟ್ಟವರಲ್ಲ.

ಅದಕ್ಕೆ ಕಾರಣ ನನ್ನ ಅತ್ತೆ. ಅವರ ಮೊದಲ ಮಗ ಊರ ನಾಲೆಯಲ್ಲಿ ಮುಳುಗಿಹೋಗಿದ್ದ. ಎರಡನೆಯವರಾಗಿ ನಮ್ಮ ಯಜಮಾನರು ಹುಟ್ಟಿದಾಗ ಜೋಯಿಸರಲ್ಲಿ ಶಾಸ್ತ್ರ ಕೇಳಿದರೆ, ಈ ಮಗುವಿಗೂ ನಲವತ್ತು ತುಂಬುವ ತನಕ ನೀರಿನ ಕಂಟಕ ಇದೆ ಎಂದುಬಿಟ್ಟರಂತೆ. ಅಲ್ಲಿಂದಾಚೆಗೆ ಹೊಳೆ, ಕೆರೆ, ಬಾವಿ ಯಾವುದೂ ಇಲ್ಲ. ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ನಾನು ಸೊಸೆಯಾಗಿ ಬಂದಾಗಲೂ, ಮೇಷ್ಟರು ಸ್ನಾನಕ್ಕೆ ಹೋದರೆ ಅತ್ತೆ ಬಚ್ಚಲಿನ ಬಾಗಿಲಲ್ಲೇ ನಿಂತಿರುತ್ತಿದ್ದರು. ಒಳಗೆ ಚೆಂಬಿನ ಸದ್ದು ನಿಂತರೆ ಸಾಕು, "ಮಗಾ, ಇದ್ದೀಯೇನ್ಲಾ?" ಎಂದು ಕೂಗುತ್ತಿದ್ದರು.

ಇದೆಲ್ಲ ನನಗೆ ನಗುವ ವಿಷಯವಾಗಿಯೇ ಉಳಿಯುತ್ತಿತ್ತು, ಆ ಕಂಟಕವನ್ನು ನನ್ನ ತಲೆಗೂ ಕಟ್ಟದೇ ಇದ್ದಿದ್ದರೆ. ನಾನು ಕಾವೇರಿ ದಂಡೆಯ ಹಳ್ಳಿಯವಳು. ನಡೆಯುವುದನ್ನು ಕಲಿತ ಮೇಲೆ ಕಲಿತದ್ದು ಈಜು. ಮಡುವಿನ ತಳಕ್ಕೆ ಹೋಗಿ ಕಪ್ಪೆಚಿಪ್ಪು ತರುವುದರಲ್ಲಿ ಅಣ್ಣಂದಿರನ್ನೇ ಸೋಲಿಸಿದ್ದೆ. ಅತ್ತೆಗೆ ಅದು ಗೊತ್ತಾದ ದಿನವೇ ಆಣೆ ಹಾಕಿಸಿಕೊಂಡರು. "ಅರ್ಧ ಅವನು, ಅರ್ಧ ನೀನು ಕಣವ್ವ. ನೀ ಇಳಿದ್ರೂ ಅವನು ಇಳಿದಂಗೇ" ಎಂದರು. ತವರಿಗೆ ಹೋದರೂ ಆಣೆ ಆಣೆಯೇ. ಹಿತ್ತಿಲಲ್ಲಿ ನಿಂತರೆ ಹೊಳೆ ಕಾಣುತ್ತಿತ್ತು. ನಾನು ಕೊಡದ ನೀರಲ್ಲಿ ಮುಖ ತೊಳೆದುಕೊಂಡು ಒಳಗೆ ಬರುತ್ತಿದ್ದೆ. ನನಗೆ ಒಡವೆ, ಸೀರೆ ಯಾವುದರ ಆಸೆಯೂ ಇರಲಿಲ್ಲ. ತಲೆ ಮುಳುಗುವಷ್ಟು ನೀರು ಬೇಕಾಗಿತ್ತು. ಮಗನೊಬ್ಬನ ಮೇಲಿನ ಮೋಹಕ್ಕೆ ನನ್ನನ್ನು ಒಣಗಿಸುತ್ತಿದ್ದಾರೆ ಎಂದು ಅತ್ತೆಯ ಮೇಲೆ ಸಿಟ್ಟು ಹೊಗೆಯಾಡುತ್ತಲೇ ಇತ್ತು.

ಈ ಸಿಟ್ಟಿನ ಮೇಲೆ ಉಪ್ಪು ಸುರಿಯಲು ಜಗಲಿಯ ಸಭೆ. ಭಾನುವಾರ ಸಂಜೆಯಾದರೆ ಪಕ್ಕದ ಮನೆಯ ನಿವೃತ್ತ ಶಿರಸ್ತೇದಾರರು ನಶ್ಯದ ಡಬ್ಬಿ ಹಿಡಿದು ಬರುವರು. ನಾನು ಕಾಫಿ ತಂದಿಡುವ ಹೊತ್ತಿಗೆ ಇಬ್ಬರೂ ಆಗಲೇ ನೀರಿನೊಳಗೆ.

"ಕೆಂಪು ಸಮುದ್ರ ಹೇಗೆ ಮೇಷ್ಟ್ರೇ?"

"ಬಹಳ ಸೊಗಸು. ಆದ್ರೆ ಬಿಸಿಲು ಜಾಸ್ತಿ."

"ಹಾಗಾದ್ರೆ ಬೇಡ ಬುಡಿ, ನನಗೆ ಮೊದಲೇ ಪಿತ್ತ. ಆ ಬಹಾಮಾದಲ್ಲಿ ಮುಳುಗಿ ಎದ್ದ ಮೇಲೆ ಊಟಕ್ಕೇನು ಗತಿ?"

ಊಟದ ವಿಷಯ ಪತ್ರಿಕೆಯಲ್ಲಿ ಇರಲಿಲ್ಲ, ಮೇಷ್ಟರು ಬೇರೆ ಸಮುದ್ರಕ್ಕೆ ಹಾರಿದರು. ಮೆಡಿಟರೇನಿಯನ್ ತಳದಲ್ಲಿ ಮುಳುಗಿದ ಹಡಗುಗಳಿವೆ, ಅವುಗಳಲ್ಲಿ ಪುರಾತನ ಕಾಲದ ದ್ರಾಕ್ಷಾರಸದ ಜಾಡಿಗಳು ಇನ್ನೂ ಮುಚ್ಚಿದಂತೆಯೇ ಇವೆ ಎಂದಾಗ, ಶಿರಸ್ತೇದಾರರು ನನ್ನ ಕಡೆ ತಿರುಗಿ, "ನೋಡಿದ್ಯೇನಮ್ಮ, ನಮ್ಮನೇಲಿ ಉಪ್ಪಿನಕಾಯಿ ಒಂದು ಮಳೆಗಾಲ ತಡೆಯಲ್ಲ" ಎಂದು ನಿಟ್ಟುಸಿರಿಟ್ಟರು. ಕೊನೆಗೆ ಹವೆ, ಮೀನು, ಖರ್ಚು ಎಲ್ಲವನ್ನೂ ತೂಗಿ ನೋಡಿ ಆಸ್ಟ್ರೇಲಿಯಾವೇ ಸರಿ ಎಂದು ಒಮ್ಮತದಿಂದ ತೀರ್ಮಾನವಾಯಿತು. ಹೊರಡುವ ದಿನವೊಂದು ಮಾತ್ರ ನಿಗದಿಯಾಗಲಿಲ್ಲ.

ಒಂದು ಸಲ ಅವರು ನನಗೆ ಚಿತ್ರ ತೋರಿಸಿದರು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡ ಬಿಳಿಯನೊಬ್ಬ ನೀರೊಳಗೆ ತೇಲುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ.

"ನಮ್ಮ ತಾತ ನಂಗೆ ಈಜು ಕಲಿಸುವಾಗ ಹಿಂಗೇ ಬೆನ್ನಿಗೆ ಸೋರೆಬುರುಡೆ ಕಟ್ಟಿದ್ರು ಕಣ್ರೀ."

"ಅದು ಮುಳುಗದೇ ಇರೋಕೆ ಕಣೇ. ಇದು ಮುಳುಗೋಕೆ. ವಿಜ್ಞಾನ ಬೇರೆ, ಸೋರೆಕಾಯಿ ಬೇರೆ" ಎಂದು ಪತ್ರಿಕೆ ಮುಚ್ಚಿದರು. ಆಮೇಲೆ ಆರಾಮ ಕುರ್ಚಿಯಲ್ಲಿ ಮೂಗು ಹಿಡಿದುಕೊಂಡು, ಉಸಿರು ಕಟ್ಟುವ ಕ್ರಮವನ್ನು ನನಗೆ, ಮಡುವಿನ ತಳ ಮುಟ್ಟಿ ಬಂದವಳಿಗೆ, ಕಲಿಸಿಕೊಟ್ಟರು.

ಅಂತೂ ಮೇಷ್ಟರಿಗೆ ನಲವತ್ತು ತುಂಬಿತು. ಕಂಟಕ ಕಳೆದ ದಿನ ಮಗನನ್ನು ಹೊಳೆಯಲ್ಲಿ ಮುಳುಗಿಸಿ, ಗಂಗಮ್ಮನಿಗೆ ಬಾಗಿನ ಬಿಡುತ್ತೇನೆಂದು ಅತ್ತೆ ಹರಕೆ ಹೊತ್ತಿದ್ದರಂತೆ. ಬೆಳಿಗ್ಗೆ ಮೂವರೂ ಬಸ್ಸು ಹತ್ತಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯ ಸ್ನಾನಘಟ್ಟಕ್ಕೆ ಹೋದೆವು. ಮೇಷ್ಟರು ಪಂಚೆ ಎತ್ತಿ ಕಟ್ಟಿ ಮೆಟ್ಟಿಲಿಳಿದರು. ಹೆಬ್ಬೆರಳು ತೋಯಿಸಿದರು. ನಿಂತರು.

"ಇಳಿ ಮಗಾ, ಇನ್ನೇನು ಭಯ ಇಲ್ಲ."

"ಭಯ ಅಲ್ಲವ್ವಾ. ನೀರು ತಿಳಿಯಾಗಿಲ್ಲ. ತಳ ಕಾಣದ ಕಡೆ ಇಳೀಬಾರದು ಅಂತ ಬಲ್ಲವರು ಬರೆದಿದ್ದಾರೆ. ಸೆಳೆತವೂ ಇದೆ. ಸಲಕರಣೆ ಬೇರೆ ಇಲ್ಲ."

ಹೇಳುತ್ತಲೇ ಅವರು ಎರಡು ಮೆಟ್ಟಿಲು ಹಿಂದಕ್ಕೆ ಹತ್ತಿದ್ದನ್ನು ನಾನೂ ನೋಡಿದೆ, ಅತ್ತೆಯೂ ನೋಡಿದರು. ಪಾಪ ಅನ್ನಿಸಿತು. ಅತ್ತೆ ಚೆಂಬಿನಲ್ಲಿ ನೀರೆತ್ತಿ ಮಗನ ತಲೆಗೆ ಸುರಿದು, ಬಾಗಿನ ತೇಲಿಬಿಟ್ಟು, ಹರಕೆ ಸಂದಿತು ಎಂದು ಹೊಳೆಗೆ ಕೈಮುಗಿದರು. ಆಮೇಲೆ ನನ್ನ ಕಡೆ ನೋಡಿ, "ಹೋಗವ್ವ, ನೀನಾದ್ರೂ ಇಳಿ. ಕಂಟಕ ಕಳೀತಲ್ಲ" ಎಂದರು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದೆ. ಮುಳುಗಿದೆ. ನೀರೊಳಗೆ ಕಣ್ಣು ಬಿಟ್ಟರೆ ಹಸಿರು ಬೆಳಕು, ಪಾಚಿ ಹಿಡಿದ ಕಲ್ಲು, ಯಾರದೋ ಒಡೆದ ಬಳೆಯ ಚೂರು. ಪುಟ್ಟ ಮೀನುಗಳು ಕಾಲು ಕಚ್ಚಿದವು. ಬಣ್ಣದ ಹವಳ ಏನೂ ಇರಲಿಲ್ಲ. ನನಗೆ ಅಳು ಬಂತು. ನೀರೊಳಗೆ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲವಲ್ಲ, ಎದೆ ಬಿರಿಯುವ ತನಕ ಒಳಗೇ ಇದ್ದೆ.

ಮೇಲೆ ಬಂದಾಗ ಮೊದಲು ಕೇಳಿಸಿದ್ದು ಮೇಷ್ಟರ ದನಿ. ಮೇಲಿನ ಮೆಟ್ಟಿಲ ಮೇಲೆ ನಿಂತು, "ನಿಧಾನಕ್ಕೆ ಮೇಲೆ ಬರಬೇಕು, ಗಾಬರಿಯಾಗಬಾರದು" ಎಂದು ಹೊಳೆಗೆ ಪಾಠ ಹೇಳುತ್ತಿದ್ದರು. ಆಮೇಲೆ ಯಾರೋ ನನ್ನ ರಟ್ಟೆ ಹಿಡಿದರು. ತಿರುಗಿ ನೋಡಿದರೆ ಅತ್ತೆ. ಉಟ್ಟ ಸೀರೆಯಲ್ಲೇ ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. ಈಜು ಬಾರದು. ಮಗನನ್ನು ನಾಲೆಗೆ ಕೊಟ್ಟ ಮೇಲೆ ಹರಿಯುವ ನೀರಿಗೆ ಕಾಲಿಟ್ಟವರೇ ಅಲ್ಲ.

"ಅದೆಷ್ಟೊತ್ತೇ ಒಳಗಿರೋದು! ಜೀವ ಹೋದಂಗಾಯ್ತು, ನಾನೇ ಬಂದ್ಬುಟ್ಟೆ" ಎಂದರು. ಹಲ್ಲು ಕಟಕಟ ಎನ್ನುತ್ತಿತ್ತು.

ಬನ್ನಿ ಅತ್ತೆ, ದಡಕ್ಕೆ ಹೋಗೋಣ ಎಂದು ಅವರ ಸೊಂಟ ಬಳಸಿ ಹಿಡಿದೆ. ಅವರು ಅಲುಗಲಿಲ್ಲ. ನನ್ನ ಕೆಂಪಾದ ಕಣ್ಣನ್ನು ನೋಡಿದರು.

"ಇನ್ನೊಂದ್ ಸಲ ಮುಳುಗ್ಬೇಕಾ?" ಎಂದರು. "ಮುಳುಗವ್ವ. ನಾನಿಲ್ಲೇ ನಿಂತಿರ್ತೀನಿ."