ಗಣಪನ ಗುಡಿಯ ಮೇಲೆ ಚುಚ್ಚಿದ ಗುರುತು

ರತ್ನಕ್ಕ, ನಿಮ್ಮ ಮನೆಗೆ ನೀರು ನುಗ್ಗಿದ್ದು ಮಳೆಯ ತಪ್ಪಲ್ಲ — ನನ್ನದು. ಚೆನ್ನೈಯ ಪೋರೂರಿನಾಚೆಯ ಆ ಸೈಟು ಮುಚ್ಚಿಹೋದ ಹಳೆಯ ಕೆರೆಯೊಂದರ ಒಳಗಿದೆ ಎಂದು ನನಗೆ ಗೊತ್ತಾದಾಗ ನಿಮ್ಮ ರಿಜಿಸ್ಟ್ರೇಷನ್ ಇನ್ನೂ ಆಗಿರಲಿಲ್ಲ. ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

ನಾನು ಮಾಡಿದ ಚೆನ್ನೈ ನಕ್ಷೆಯ ಬಗ್ಗೆ ನನಗೆ ಹೆಮ್ಮೆಯಿತ್ತು. ಇತ್ತೇನು, ಈಗಲೂ ಇದೆ. ಸುಳ್ಳು ಯಾಕೆ ಹೇಳಲಿ. ಧೂಳು ತಿನ್ನುತ್ತಿದ್ದ ಹಳೆಯ ಸರ್ವೆ ಹಾಳೆಗಳನ್ನು ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಿದ್ದರು. ನಾನು ಅವನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹಾಸಿ, ಗದ್ದೆ ಹೋಗಿ ಬಡಾವಣೆಯಾದದ್ದು, ಕೆರೆ ಹೋಗಿ ಬಸ್ ನಿಲ್ದಾಣವಾದದ್ದು ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ತೋರಿಸಿದೆ. ಮಂಡ್ಯದ ಕಡೆಯವನು, ತಮಿಳು ಬೋರ್ಡನ್ನು ಅಕ್ಷರ ಕೂಡಿಸಿ ಓದುವವನು, ಚೆನ್ನೈಯವರಿಗೇ ಅವರ ಊರು ತೋರಿಸಿದೆ! ತಲೆಗೆ ಕೊಂಬು ಮೂಡದೆ ಇದ್ದೀತೇ?

ನನಗಿಂತ ಹೆಚ್ಚು ಬೀಗಿದವರು ನೀವು. ಕುಂದಾಪುರದಿಂದ ಬಂದು ತಾಂಬರಂನಲ್ಲಿ ಹೋಟೆಲು ನಡೆಸುವ ನೀವು ಮತ್ತು ಭಾವ, ಒಂಟಿಯಾಗಿ ಬಂದ ನನಗೆ ವರ್ಷಗಟ್ಟಲೆ ಅನ್ನ ಹಾಕಿದವರು. ನಕ್ಷೆಯ ಪ್ರಿಂಟಿಗೆ ಕಟ್ಟು ಹಾಕಿಸಿ ಗಲ್ಲಾದ ಹಿಂದೆ ತೂಗುಹಾಕಿದಿರಿ. ಇಡ್ಲಿ ತಿನ್ನಲು ಬಂದವರನ್ನೆಲ್ಲ ಹಿಡಿದು, “ನಮ್ ಮಾಣಿ ಮಾಡಿದ್ದ್ ಇದ್” ಎನ್ನುತ್ತಿದ್ದಿರಿ. ಸೈಟಿನ ಮಾತು ಬಂದಾಗ ಜೋಯಿಸರನ್ನೂ ಕೇಳಲಿಲ್ಲ, ನನ್ನನ್ನು ಕೇಳಿದಿರಿ. ನಾನು ಹೇಳಿದೆ:

“ಕಣ್ಮುಚ್ಕೊಂಡು ತಗೊಳ್ಳಿ ಅಕ್ಕ. ಕೆರೆ ಆಚೆಗಿದೆ, ಇದು ಒಣನೆಲ.”

ಹಳೆಯ ಹಾಳೆಯನ್ನು ಹೊಸ ಚಿತ್ರದ ಮೇಲೆ ಕೂರಿಸಲು ಎರಡರಲ್ಲೂ ಇರುವ, ಕದಲದ ಗುರುತುಗಳು ಬೇಕು. ಆ ಮೂಲೆಯಲ್ಲಿ ನನಗೆ ಸಿಕ್ಕಿದ್ದು ಕೆರೆದಂಡೆಯ ಗಣಪನ ಗುಡಿ ಒಂದೇ. ನನ್ನದು ನಮ್ಮೂರ ಲೆಕ್ಕ — ಮನೆ ಬೀಳಬಹುದು, ರಸ್ತೆ ತಿರುಗಬಹುದು, ದೇವರು ಕೂತಲ್ಲಿಂದ ಏಳುವುದಿಲ್ಲ. ಗುಡಿಯ ಮೇಲೆ ಗುರುತು ಚುಚ್ಚಿದೆ. ಹೋಗಿ ನೋಡಲಿಲ್ಲ.

ಹೋದದ್ದು ಆಮೇಲೆ, ನಕ್ಷೆಯ ಬಗ್ಗೆ ನಾನು ಮಾಡಬೇಕಿದ್ದ ಭಾಷಣಕ್ಕೊಂದು ಫೋಟೊ ಬೇಕೆಂದು. ಬಾಗಿಲ ಮೇಲಿನ ಕಲ್ಲಿನ ತಮಿಳು ಬರಹವನ್ನು ಅಕ್ಷರ ಕೂಡಿಸಿ ಓದಿದೆ. ರಸ್ತೆ ಅಗಲ ಮಾಡುವಾಗ ಪಿಳ್ಳೈಯಾರನ್ನು, ಅಂದರೆ ನಮ್ಮ ಗಣಪನನ್ನು, ಎಬ್ಬಿಸಿ, ಪೂರ್ವಕ್ಕೆ ತಂದು, ಹೊಸದಾಗಿ ಪ್ರತಿಷ್ಠೆ ಮಾಡಿದ್ದರು! ಗುಡಿಯ ಜೊತೆಗೆ ನನ್ನ ನಕ್ಷೆಯ ಕೆರೆಯೂ ಪೂರ್ವಕ್ಕೆ ಸರಿದಿತ್ತು. ಸರಿಯಾದ ಜಾಗಕ್ಕೆ ಎಳೆದು ನೋಡಿದೆ — ನಿಮ್ಮ ಸೈಟು ನೀರಿನೊಳಗಿತ್ತು.

ನಿಮಗೆ ಫೋನ್ ಹಚ್ಚಿದೆ. ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಮರುದಿನ ಭಾಷಣ; ಒಂದು ತಪ್ಪು ಒಪ್ಪಿದರೆ ಇಡೀ ನಕ್ಷೆಯನ್ನೇ ಅನುಮಾನಿಸುತ್ತಾರೆ ಎಂದುಕೊಂಡೆ. ಅದೂ ಪೂರ್ತಿ ನಿಜವಲ್ಲ. ನಿಮ್ಮ ಕಣ್ಣಲ್ಲಿ ನಾನು ಸಣ್ಣವನಾಗುವುದು — ಅದನ್ನು ನನ್ನಿಂದ… ಭಾಷಣಕ್ಕೆ ಭರ್ಜರಿ ಚಪ್ಪಾಳೆ ಬಿತ್ತು. ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ನೀವೂ ತಟ್ಟಿದಿರಿ. ಅದೇ ವಾರ ಸೈಟು ನಿಮ್ಮ ಹೆಸರಿಗಾಯಿತು.

ಮನೆ ಎದ್ದಿತು, ಮಳೆ ಬಂತು, ದೇವರ ಕೋಣೆಯಲ್ಲೂ ಮೊಣಕಾಲುದ್ದ ನೀರು ನಿಂತಿತು. ಭಾವ ನನ್ನ ಮುಖ ನೋಡಿದಾಗ ನೀವೇ ಅಡ್ಡ ಬಂದಿರಿ: “ಮಾಣಿ ನಕ್ಷಿ ಸುಳ್ಳ್ ಹೇಳುದಿಲ್ಲೆ. ಈ ಸರ್ತಿ ಮಳಿಯೇ ಹೆಚ್ಚ್.” ಕಪಾಳಕ್ಕೆ ಎರಡು ಬಾರಿಸಿದ್ದರೆ ಅದಕ್ಕಿಂತ ಹಿತವಾಗಿರುತ್ತಿತ್ತು. ನಾನು ಬಕೆಟ್ ಹಿಡಿದು ನೀರು ತೋಡಿದೆ, ಒಳ್ಳೆಯವನೆನಿಸಿಕೊಂಡೆ. ಈಗಲೂ ಪ್ರತಿ ಮಳೆಗಾಲಕ್ಕೆ ಮುಂಚೆ ನೀವು ಅಕ್ಕಿಮೂಟೆಗಳನ್ನು ಮಂಚದ ಮೇಲೆ ಏರಿಸುತ್ತೀರಿ.

ಈ ವರ್ಷ ನಕ್ಷೆಯ ಒಂದೊಂದು ಗುರುತಿನ ಬಳಿಗೂ ನಡೆದು ಹೋದೆ. ತಿರುವೊಟ್ಟಿಯೂರಿನ ಕಡಲದಂಡೆಯಿಂದ ನಿಮ್ಮ ತಾಂಬರಂವರೆಗೆ, ಬಿಸಿಲಲ್ಲಿ, ಜನರನ್ನು ಕೇಳಿಕೊಂಡು. ತಪ್ಪಿದ್ದೆಲ್ಲವನ್ನೂ ತಿದ್ದಿ, ಎಲ್ಲಿ ತಪ್ಪಿದೆನೆಂದು ಕೆಳಗೇ ನನ್ನ ಹೆಸರು ಹಾಕಿ ಬರೆದಿದ್ದೇನೆ. ನಾನು ಮಾಡಿದ ಕೆಲಸಗಳಲ್ಲೆಲ್ಲ ಇದೇ ಒಳ್ಳೆಯದು, ಎದೆ ತಟ್ಟಿ ಹೇಳುತ್ತೇನೆ. ನಿಮ್ಮ ನೆಲ ಮಾತ್ರ ಇದರಿಂದ ಒಣಗುವುದಿಲ್ಲ.

ಭಾನುವಾರ ಬರುತ್ತೇನೆ, ಹೋಟೆಲು ತುಂಬಿರುವ ಹೊತ್ತಿಗೇ. ಗಲ್ಲಾದ ಹಿಂದಿನದನ್ನು ನಾನೇ ಇಳಿಸಿ ಹೊಸದನ್ನು ಹಾಕುತ್ತೇನೆ. ನೀವು ಸೆರಗಿಗೆ ಕೈ ಒರೆಸಿಕೊಂಡು ಬಂದು, ಎಲ್ಲರಿಗೂ ಕೇಳುವಂತೆ, “ಇದ್ರಗೆ ನಮ್ಮನಿ ಎಲ್ಲಿತ್ತ್ ಮಾಣಿ?” ಎನ್ನುತ್ತೀರಿ.

ಕೆರೆಯ ನೀಲಿಯ ಮೇಲೆ ಬೆರಳಿಡುತ್ತೇನೆ, ರತ್ನಕ್ಕ.